ತಿಳಿಸಾರಿನ ವಿಮಾನ

ತಿಪ್ಪೇಶಣ್ಣನಿಗೆ ಓಡುವ ಗಾಡಿ ಇರಲಿಲ್ಲ. ಸ್ಕೂಟರ್ ಒಂದಿತ್ತು. ನಮ್ಮ ಹಾಸ್ಟೆಲಿನ ಸೌದೆ ಕೊಟ್ಟಿಗೆಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ಹನ್ನೊಂದು ವರ್ಷದಿಂದ ನಿಂತಿತ್ತು. ಕೆಟ್ಟು ನಿಂತದ್ದಲ್ಲ. ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಸೀಟಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಅದಕ್ಕೆ ಮೊದಲ ಗುಟುಕು ಏನು ಕೊಡಬೇಕೆಂದು ಆತ ಇನ್ನೂ ತೀರ್ಮಾನ ಮಾಡಿರಲಿಲ್ಲ, ಅಷ್ಟೆ.

ನಮ್ಮ ಊರಿನಲ್ಲಿ ಗಾಡಿಗೆ ಮೊದಲು ಏನು ಕುಡಿಸುತ್ತೇವೋ ಕೊನೆಯ ತನಕ ಅದು ಅದನ್ನೇ ಕುಡಿಯುತ್ತದೆ. ಬೇರೆ ಏನು ಹೊಯ್ದರೂ ಕೆಮ್ಮಿ ನಿಲ್ಲುತ್ತದೆ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ನಂಬಿಸಿ ನಮಗೆ ಆಗಬೇಕಾದ್ದೂ ಇಲ್ಲ. ಕಾಲೇಜು ಬಸ್ಸು ಅಕ್ಕಿ ತೊಳೆದ ನೀರಿನಲ್ಲಿ ಓಡುತ್ತದೆ. ಬೆಳಗ್ಗೆ ಏಳಕ್ಕೆ ಕಂಡಕ್ಟರು ಬಕೆಟ್ ಹಿಡಿದು ಬೀದಿ ಸುತ್ತುತ್ತಾನೆ. ಹೆಂಗಸರು ಹೊಸ್ತಿಲ ಪಕ್ಕ ಚೊಂಬಿನಲ್ಲಿ ತೆಗೆದಿಟ್ಟಿರುತ್ತಾರೆ. ಏಕಾದಶಿಯ ದಿನ ಬಸ್ಸಿಗೆ ಒಂದೇ ಟ್ರಿಪ್ಪು. ಡಾಕ್ಟರ ಕಾರು ಮಜ್ಜಿಗೆಯದು. ಬೇಸಿಗೆಯಲ್ಲಿ ಚೆನ್ನಾಗಿ ಓಡುತ್ತದೆ, ಚಳಿಗಾಲದಲ್ಲಿ ಏರು ಹತ್ತುವುದಿಲ್ಲ. ಕಬ್ಬಿನ ಹಾಲು ಕುಡಿಯುವ ಲಾರಿಗಳು ಭಾರ ಎಳೆಯುತ್ತವೆ, ಆದರೆ ನಿಲ್ಲಿಸಿದಲ್ಲೆಲ್ಲ ಇರುವೆ ಸಾಲು.

ಹಸಿಯ ಪದಾರ್ಥವಾದರೆ ಯಾರ ಮನೆಯದ್ದಾದರೂ ನಡೆಯುತ್ತದೆ. ಬೇಯಿಸಿದ್ದನ್ನು ಕುಡಿಸಿದರೆ ಮಾತ್ರ ಬೇಯಿಸಿದ ಕೈಯೂ ಅದರೊಳಗೆ ಸೇರಿಬಿಡುತ್ತದೆ. ಪೋಸ್ಟ್ ಮಾಸ್ಟರ ಬೈಕು ಅವರ ಹೆಂಡತಿ ಇಳಿಸಿದ ಕಾಫಿ ಡಿಕಾಕ್ಷನ್ನಿನಲ್ಲಿ ಓಡುತ್ತಿತ್ತು. ಆಕೆ ತವರಿಗೆ ಹೋದರೆ ಮಾಸ್ಟರು ನಡೆದೇ ಟಪಾಲು ಹಂಚುತ್ತಿದ್ದರು. ಮೇಗಳ ಬೀದಿಯ ಒಬ್ಬ ರೈತ ಹೊಸ ಜೀಪಿಗೆ ಖುಷಿಯಲ್ಲಿ ತಾಯಿಯ ಕೈಯ ಪಾಯಸ ಹೊಯ್ದಿದ್ದ. ಮರುವರ್ಷ ತಾಯಿ ತೀರಿಕೊಂಡಳು. ಆ ಜೀಪಿನಲ್ಲಿ ಈಗ ಕೋಳಿಗಳು ಕಾವಿಗೆ ಕೂರುತ್ತವೆ. ಹಾಗಾಗಿ ಬೇಯಿಸಿದ್ದನ್ನು ಗಾಡಿಗೆ ಕೊಡಬಾರದು ಎನ್ನುವುದು ಊರಲ್ಲಿ ಎಳೆಯ ಮಕ್ಕಳಿಗೂ ಗೊತ್ತು.

ತಿಪ್ಪೇಶಣ್ಣ ನಮ್ಮ ಬಾಲಕಿಯರ ಹಾಸ್ಟೆಲಿನ ಅಡುಗೆಯವನು. ನಲವತ್ತಮೂರು ವಯಸ್ಸು, ಒಂಟಿ ಜೀವ, ಉದ್ದ ಕುತ್ತಿಗೆ. ನಾನು ಅಲ್ಲಿ ಎಂ.ಎ. ಓದುತ್ತಿದ್ದೆ, ಜೊತೆಗೆ ಲೈಬ್ರರಿಯ ಕೀಲಿಕೈ ನನ್ನ ಬಳಿ ಇರುತ್ತಿತ್ತು. ಲೈಬ್ರರಿ ಎಂದರೆ ಎರಡು ಕಬ್ಬಿಣದ ಬೀರು, ಒಂದು ಬೆಂಚು. ಹುಡುಗಿಯರಿಗೆ ಬೇಕಾದದ್ದು ಗೈಡುಗಳು. ವಾಹನಗಳ ಪತ್ರಿಕೆಗಳನ್ನು ಓದುತ್ತಿದ್ದವನು ಆತನೊಬ್ಬನೇ. ಯಾವ ಪುಟ ಆತನಿಗೆ ಹಿಡಿಸಿದೆ ಎನ್ನುವುದು ಅರಿಶಿನದ ಬೆರಳಚ್ಚಿನಿಂದ ಗೊತ್ತಾಗುತ್ತಿತ್ತು. ಕಾರುಗಳ ಪುಟದಲ್ಲಿ ಒಂದೆರಡು ಬೆರಳು, ವಿಮಾನದ ಪುಟದಲ್ಲಿ ಇಡೀ ಅಂಗೈ.

ಅಭಿಪ್ರಾಯ ಆತನಿಗೆ ಎಲ್ಲದರ ಬಗ್ಗೆಯೂ ಇತ್ತು. ಕೇಳದಿದ್ದರೂ ಹೇಳುತ್ತಿದ್ದ.

“ಡೀಸೆಲ್ ಕಾರು ಎಮ್ಮೆ ಇದ್ದಂಗೆ ಹೊನ್ನಿ. ಎದ್ದೇಳೋಕೆ ಹೊತ್ತು ಬೇಕು, ಎದ್ದಮೇಲೆ ತಡೆಯೋರಿಲ್ಲ. ಪೆಟ್ರೋಲಿಂದು ಮೇಕೆ. ಎಲ್ಲಿ ಬೇಕಾದ್ರೂ ಹತ್ತುತ್ತೆ, ಎಲ್ಲಿ ಬೇಕಾದ್ರೂ ಕಕ್ಕುತ್ತೆ.”

“ಕರೆಂಟಿಂದು?” ಎಂದೆ.

“ಕರೆಂಟಿನ ಕಾರಿನ ಮೇಲೆ ನಂಗೆ ನಂಬಿಕೆ ಇಲ್ಲ. ಸದ್ದು ಮಾಡ್ದೆ ಹಿಂದಿಂದ ಬರೋದು ಕಳ್ಳ, ಇಲ್ಲಾ ನಿಮ್ಮ ವಾರ್ಡನ್ನು. ಹೈಡ್ರೋಜನ್ ಅಂತಾರಲ್ಲ, ಅದು ನೋಡು ತಮಾಷೆ. ನೀರಿನ ಅರ್ಧ ತಾನು ಉರಿಯುತ್ತೆ, ಇನ್ನರ್ಧ ಉರಿಸುತ್ತೆ, ಎರಡೂ ಸೇರಿದ್ರೆ ಬೆಂಕಿ ಆರಿಸುತ್ತೆ. ಇಂಥಾ ಮನೆತನಕ್ಕೆ ಯಾರಾದ್ರೂ ಹೆಣ್ಣು ಕೊಡ್ತಾರಾ?”

ಜೆಟ್ ವಿಮಾನ ಆತನ ಲೆಕ್ಕದಲ್ಲಿ ವಿಮಾನವೇ ಅಲ್ಲ, ರೆಕ್ಕೆ ಕಟ್ಟಿದ ಕೊಳವೆ. ವಿಮಾನವೆಂದರೆ ಮೂಗಿನಲ್ಲಿ ಫ್ಯಾನ್ ತಿರುಗಬೇಕು. ರೆಕ್ಕೆ ನೆತ್ತಿಯ ಮೇಲಿರಬೇಕು. “ರೆಕ್ಕೆ ಮೇಲಿದ್ರೆ ಕೆಳಗಿನ ಊರು ಕಾಣುತ್ತೆ. ರೆಕ್ಕೆ ಕೆಳಗಿದ್ರೆ ರೆಕ್ಕೆನೇ ಕಾಣುತ್ತೆ. ದುಡ್ಡು ಕೊಟ್ಟು ರೆಕ್ಕೆ ನೋಡೋಕೆ ಹೋಗ್ತಾರೇನು ಯಾರಾದ್ರೂ?” ಇಷ್ಟೆಲ್ಲ ಹೇಳಿ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿದ್ದ. ಚಕ್ರ ನೆಲ ಬಿಡುತ್ತಲ್ಲ, ಆ ಒಂದು ಕ್ಷಣದಲ್ಲಿ ಕೂತವನಿಗೆ ಏನಾಗುತ್ತದೆ? ಯಾವ ಪತ್ರಿಕೆಯೂ ಅದನ್ನು ಬರೆದಿಲ್ಲ. ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ಲೀಟರು ಎಂದೆಲ್ಲ ಬರೆಯುತ್ತಾರೆ, ಇದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ತಿಳಿದುಕೊಳ್ಳದೆ ಸಾಯುವುದಿಲ್ಲ ಎನ್ನುತ್ತಿದ್ದ.

ಇಂಥವನು ಮಾಡಿದ ಅಡುಗೆ ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕೈ ಸೌಟಿನಲ್ಲಿ, ತಲೆ ಮೋಡದಲ್ಲಿ. ಅನ್ನ ಪರವಾಗಿರಲಿಲ್ಲ, ಪಲ್ಯ ತಿನ್ನಬಹುದಿತ್ತು. ಸಾರು ಮಾತ್ರ ನೀರಿಗಿಂತ ತಿಳಿ. ಒಂದು ದಿನ ಉಪ್ಪು ಮರೆತಿರುತ್ತಿತ್ತು, ಒಂದು ದಿನ ಹುಣಸೆಹಣ್ಣು. ನಾವು ತಟ್ಟೆಯ ಸಾರಿನಲ್ಲಿ ಮುಖ ನೋಡಿಕೊಂಡು ಬೈತಲೆ ಸರಿಮಾಡಿಕೊಳ್ಳುತ್ತಿದ್ದೆವು.

“ಅಣ್ಣಾ, ಇವತ್ತು ಬೇಳೆ ರಜಾ ಹಾಕೈತಾ?” ಎಂದು ಸಾಬಿರಾ ಕೇಳುತ್ತಿದ್ದಳು. ಅವಳು ನನ್ನ ರೂಮಿನವಳು, ಬಾಯಿ ಜೋರು.

“ಐತಲ್ಲವ್ವ. ಅಡಿಗೆ ಐತೆ.”

“ಅಡಿ ಮುಟ್ಟೋಕೆ ಈಜು ಬರಬೇಕು.”

ತಿಪ್ಪೇಶಣ್ಣ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆತ ಹೆಲಿಕಾಪ್ಟರಿಗೆ ಬಾಲದ ಫ್ಯಾನು ಯಾಕೆ ಬೇಕು ಎನ್ನುವ ವಿಚಾರದಲ್ಲಿರುತ್ತಿದ್ದ.

ಆ ವರ್ಷ ಪಕ್ಕದ ಊರಿಗೆ ರೈಲು ಬಂತು. ನಮ್ಮ ಪುರಸಭೆಯ ಅಧ್ಯಕ್ಷ ಬೆಳ್ಳುಳ್ಳಿ ಮಂಡಿ ರುದ್ರಪ್ಪನವರಿಗೆ ಅದನ್ನು ಸಹಿಸಲಾಗಲಿಲ್ಲ. ಎರಡು ತಿಂಗಳು ಯೋಚಿಸಿ, ಎಲ್ಲೋ ಬಾಗಿಲು ಮುಚ್ಚಿದ ವಿಮಾನ ತರಬೇತಿ ಶಾಲೆಯೊಂದರ ಹರಾಜಿನಲ್ಲಿ ಪುಟ್ಟದೊಂದು ವಿಮಾನ ಹಿಡಿದರು. ಇಬ್ಬರು ಕೂರುವಂಥದ್ದು, ಓಡಿಸುವವನು ಒಬ್ಬ, ನೋಡುವವನು ಒಬ್ಬ. ರೆಕ್ಕೆ ಬೇರೆ, ಮೈ ಬೇರೆಯಾಗಿ ಲಾರಿಯ ಮೇಲೆ ಬಂತು. ಟ್ಯಾಂಕು ಒಣಗಿ ಖಾಲಿಯಾಗಿತ್ತು. ಒಣಗಿ ನಮ್ಮ ಊರಿನ ಗಡಿ ದಾಟಿ ಬಂದ ಯಾವ ಎಂಜಿನ್ನಾದರೂ ನಮ್ಮದೇ. ಅದಕ್ಕೆ ಹೊಸದಾಗಿ ಗುಟುಕು ಕೊಡಬೇಕು. ಕೆರೆಯಂಗಳದ ಹದಿನಾಲ್ಕು ಜಾಲಿ ಮರ ಕಡಿದು ಓಡುದಾರಿ ಸಮ ಮಾಡಿದರು. ಓಡಿಸಲು ಬೋಪಣ್ಣ ಎನ್ನುವ ನಿವೃತ್ತ ಪೈಲಟ್ ಬಂದರು. ದಪ್ಪ ಮೀಸೆ, ಕಡಿಮೆ ಮಾತು. ಊರಿನ ಪದ್ಧತಿ ವಿವರಿಸಿದಾಗ ಅವರು, “ಎಂಜಿನ್ ತಿರುಗಿದರೆ ನನಗೆ ಸಾಕು. ಅದು ಏನು ಕುಡಿಯುತ್ತದೆ ಅನ್ನೋದು ಅದರ ಸ್ವಂತ ವಿಷಯ,” ಎಂದರಂತೆ.

ಗಾಡಿಯಾದರೆ ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ. ವಿಮಾನಕ್ಕೆ ನಿಲ್ಲಲು ಜಾಗವಿಲ್ಲ. ಏನು ಕುಡಿಸಬೇಕು? ಊರಿಗೆ ಊರೇ ಸಲಹೆ ಕೊಟ್ಟಿತು. ಎಣ್ಣೆ ಗಾಣದವರು ಕಡಲೆಕಾಯಿ ಎಣ್ಣೆ ಎಂದರು. ಡಾಕ್ಟರು ಮಜ್ಜಿಗೆ ಎಂದರು. ಸೇಂದಿ ಅಂಗಡಿಯವನು ಸೇಂದಿ ಎಂದ. ಹಾರುವುದು ಸುಲಭ, ಇಳಿಯುವುದು ಕಷ್ಟ ಎಂದು ಬೋಪಣ್ಣ ಒಪ್ಪಲಿಲ್ಲ. ಕೊನೆಗೆ ರುದ್ರಪ್ಪನವರೇ ನಮ್ಮ ಹಾಸ್ಟೆಲಿನ ಅಡುಗೆಮನೆಗೆ ಬಂದರು. ನಾನು ಆಗ ಬಾಗಿಲಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದೆ.

“ಏನಯ್ಯ ತಿಪ್ಪೇಶ, ವಿಮಾನದ ಬುಕ್ಕೆಲ್ಲ ಓದಿದೀಯಂತೆ.”

“ಓದಿದೀನಿ ಯಜಮಾನ್ರೇ.”

“ಹಂಗಾರೆ ನೀನೇ ಹೇಳು. ಏನ್ ಕುಡಿಸೋಣ?”

ತಿಪ್ಪೇಶಣ್ಣ ಒಲೆ ಸಣ್ಣ ಮಾಡಿದ. ಹನ್ನೊಂದು ವರ್ಷದಲ್ಲಿ ಆತ ಯಾರಿಗಾಗಿಯೂ ಒಲೆ ಸಣ್ಣ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. “ಇಪ್ಪತ್ತು ದಿನ ಟೈಮ್ ಕೊಡಿ. ಆದ್ರೆ ಒಂದ್ ಮಾತು. ಮೊದಲ ಸಲ ಹಾರೋವಾಗ ಆ ಇನ್ನೊಂದು ಸೀಟಲ್ಲಿ ನಾನ್ ಕೂತ್ಕೋಬೇಕು.”

“ಕೂತ್ಕೊಳಯ್ಯ. ನಿನ್ ಬಿಟ್ರೆ ಇನ್ಯಾರು ಕೂರ್ತಾರೆ? ನಂಗೆ ಏಣಿ ಹತ್ತಿದ್ರೇ ತಲೆ ತಿರುಗುತ್ತೆ,” ಎಂದು ಅಧ್ಯಕ್ಷರು ನಕ್ಕು ಹೋದರು.

ಆ ಇಪ್ಪತ್ತು ದಿನ ನಮಗೆ ಸಿಕ್ಕ ಸಾರು ಹೇಗಿತ್ತೆಂದರೆ, ಸಾಬಿರಾ ಅದರಲ್ಲಿ ಕೈ ತೊಳೆದುಬಿಟ್ಟು ಆಮೇಲೆ ಸಾರೆಂದು ಗೊತ್ತಾಗಿ ಕ್ಷಮೆ ಕೇಳಿದಳು. ತಿಪ್ಪೇಶಣ್ಣ ಊರಿನ ಎಲ್ಲ ಗಾಡಿಗಳನ್ನೂ ಹೋಗಿ ನೋಡಿ ಬಂದ. ಎಳೆಯ ಮೋಡದ ದಿನ ಮಜ್ಜಿಗೆ ಕಾರು ಹೇಗೆ ನಡೆಯುತ್ತದೆ, ಎತ್ತರದ ದಿಬ್ಬದಲ್ಲಿ ಎಣ್ಣೆಯ ಟ್ರಾಕ್ಟರ್ ಯಾಕೆ ಉಬ್ಬಸ ಪಡುತ್ತದೆ, ಎಲ್ಲ ಕೇಳಿದ. ರಾತ್ರಿ ಊಟ ಬಡಿಸುತ್ತ ನನಗೆ ಅದರ ವರದಿ. ಎಣ್ಣೆ ಭಾರ. ಕಬ್ಬಿನ ಹಾಲು ಅಂಟು. ಮಜ್ಜಿಗೆ ಮೇಲೆ ಹೋದಂತೆ ಹುಳಿಯುತ್ತದೆ. ಇಪ್ಪತ್ತನೆಯ ದಿನ ಬೆಳಗ್ಗೆ ಪುರಸಭೆಗೆ ಹೋಗಿ ಎಳನೀರು ಎಂದು ಹೇಳಿ ಬಂದ. ಹಗುರ, ಶುದ್ಧ, ಚಿಪ್ಪಿನೊಳಗೆ ಕೆಡುವುದಿಲ್ಲ, ಯಾರ ಕೈಯ ಹಂಗೂ ಇಲ್ಲ. ನನಗೂ ಸರಿಯೆನಿಸಿತು. ಈಗಲೂ ಅದೇ ಸರಿ ಎನ್ನುತ್ತೇನೆ.

ಬುಧವಾರ ಆಹ್ವಾನ ಪತ್ರಿಕೆ ಬಂತು. ವಾರ್ಡನ್ ಮೇಡಂ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಪ್ರಥಮ ಹಾರಾಟ. ಪ್ರಥಮ ಪ್ರಯಾಣಿಕರು: ಅಧ್ಯಕ್ಷರ ಅಳಿಯ, ಜವಳಿ ವ್ಯಾಪಾರಿ ಚನ್ನಮಲ್ಲೇಶ. ಇಂಧನದ ವ್ಯವಸ್ಥೆ: ತಿಪ್ಪೇಶ, ಅಡುಗೆಯವರು.

ತಿಪ್ಪೇಶಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ ಸೀದಾ ಅಧ್ಯಕ್ಷರ ಮಂಡಿಗೆ ಹೋದ. ಅಲ್ಲಿ ಏನಾಯಿತೆಂದು ಆತನೇ ಹೇಳಿದ. ರುದ್ರಪ್ಪನವರು ಬೆಳ್ಳುಳ್ಳಿ ಚೀಲದ ಮೇಲೆ ಕೂತು, “ಅಳಿಯ ಕೇಳ್ಬಿಟ್ನಯ್ಯ. ಮಗಳ ಮುಖ ನೋಡ್ಬೇಕಲ್ಲ ನಾನು. ನೀನ್ ಮುಂದಿನ ಸಲ ಕೂರುವಿಯಂತೆ,” ಎಂದರಂತೆ. ಮುಂದಿನ ಸಲ ಯಾವಾಗ ಎಂದು ಕೇಳಿದ್ದಕ್ಕೆ, ಎಮ್ಮೆಲ್ಲೆ ಆಗಲಿ, ತಹಸೀಲ್ದಾರರು ಆಗಲಿ, ಬೀಗರು ಆಗಲಿ, ಆಮೇಲೆ ನೋಡೋಣ ಎಂದರಂತೆ.

“ಎಳನೀರು ಯಾರ್ ಬೇಕಾದ್ರೂ ಕೆತ್ತಿ ಹುಯ್ಯಬೋದು ಹೊನ್ನಿ. ಇನ್ಮೇಲೆ ಅವರಿಗೆ ನಾನ್ ಬೇಕಾಗಿಲ್ಲ,” ಎಂದ. ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಗೇರ್ ಯಾಕೆ ಬೀಳುತ್ತಿಲ್ಲ ಎಂದು ಹುಡುಕುವವನ ದನಿ ಅದು.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಆತ ನನ್ನನ್ನು ಕೊಟ್ಟಿಗೆಗೆ ಕರೆದ. ಬೆಡ್‌ಶೀಟ್ ತೆಗೆದಿದ್ದ. ಕೈಯಲ್ಲಿ ಮಧ್ಯಾಹ್ನ ಮಿಕ್ಕ ಸಾರು, ಪಂಚೆಯ ತುಂಡಿನಲ್ಲಿ ಸೋಸಿದ್ದು. ಕರಿಬೇವು, ಸಾಸಿವೆ ಎಲ್ಲ ಬಟ್ಟೆಯಲ್ಲಿ ಉಳಿದಿದ್ದವು.

“ಅಣ್ಣ, ಅದು ಬೇಯಿಸಿದ್ದು,” ಎಂದೆ.

“ಗೊತ್ತು.”

“ಪಾಯಸದ ಜೀಪು ನೆನಪಿದೆ ತಾನೆ?”

“ಗೊತ್ತಿದ್ದೇ ಮಾಡ್ತಿರೋದು. ಸಾರು ಉರಿಯುತ್ತೋ ಇಲ್ವೋ, ಅದೊಂದು ಗೊತ್ತಾಗ್ಬೇಕು. ಪರೀಕ್ಷೆ ಮಾಡೋಕೆ ಈ ಊರಲ್ಲಿ ಇನ್ನೂ ಏನೂ ಕುಡೀದೇ ಇರೋ ಗಾಡಿ ಇದೊಂದೇ.”

ಹನ್ನೊಂದು ವರ್ಷ ತೀರ್ಮಾನವಾಗದೆ ಉಳಿದದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಸಾರು ಗುಳುಗುಳು ಎಂದು ಒಳಗಿಳಿಯಿತು. ನಾನು ತಡೆಯಬಹುದಿತ್ತು. ತಡೆಯಲಿಲ್ಲ, ಏನಾಗುತ್ತದೋ ನೋಡಬೇಕಿತ್ತು. ಮೂರನೆಯ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಒಗ್ಗರಣೆ ಹಾಕಿದಾಗಿನ ಚುರ್ ಸದ್ದು, ಆಮೇಲೆ ಒಂದೇ ಸಮನೆ ತೆಳ್ಳಗಿನ ಸ್ವರ. ಹಿಂದೆ ಕೂತುಕೋ ಎಂದ. ಆತನಿಗೆ ಓಡಿಸಿ ಅಭ್ಯಾಸವಿರಲಿಲ್ಲ, ಓದಿ ಮಾತ್ರ ಅಭ್ಯಾಸ. ಅಂಗಳವನ್ನು ಎರಡು ಸುತ್ತು ಹಾಕಿದೆವು. ಊಟದ ಹಾಲಿನ ಇಳಿಜಾರು ಕಟ್ಟೆ ಹತ್ತುವಾಗ ಮುಂದಿನ ಚಕ್ರ ಒಂದು ಗೇಣು ನೆಲ ಬಿಟ್ಟು ಮೇಲೆದ್ದಿತು. ಇಬ್ಬರನ್ನು ಹೊತ್ತ ಸ್ಕೂಟರು ಹಾಗೆ ಏಳುವುದನ್ನು ನಾನು ನೋಡಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನೋಡಿದರು.

“ನೋಡಿದ್ಯಾ? ಇದರಲ್ಲಿ ಭಾರ ಅನ್ನೋದೇ ಇಲ್ಲ,” ಎಂದ ತಿಪ್ಪೇಶಣ್ಣ.

“ಬೇಳೆಯೂ ಇಲ್ಲ,” ಎಂದೆ.

“ಅದಕ್ಕೇ ಮತ್ತೆ.”

ಭಾನುವಾರ ಕೆರೆಯಂಗಳದಲ್ಲಿ ಜನವೋ ಜನ. ತಿಪ್ಪೇಶಣ್ಣ ಬೆಳಗ್ಗೆಯೇ ಕ್ಯಾನುಗಳನ್ನು ಕೈಗಾಡಿಯಲ್ಲಿ ತಂದು ಟ್ಯಾಂಕು ತುಂಬಿಸಿ ಮುಚ್ಚಳ ಹಾಕಿ ರೆಕ್ಕೆಯ ನೆರಳಲ್ಲಿ ನಿಂತಿದ್ದ. ಒಗೆದ ಬಿಳಿ ಅಂಗಿ ಹಾಕಿದ್ದ. ರೆಕ್ಕೆ ನೆತ್ತಿಯ ಮೇಲಿದ್ದ ವಿಮಾನ ಅದು. ನಿಂತವನ ತಲೆಗೆ ತಾಗುವಷ್ಟು ತಗ್ಗು. ಎಳನೀರು ಕೆತ್ತಲು ಬಂದಿದ್ದವರಿಗೆ, ನಾನೇ ಕೆತ್ತಿ ಹುಯ್ದಾಯ್ತು ಎಂದು ಹೇಳಿ ಕಳಿಸಿದ್ದ. ಅಧ್ಯಕ್ಷರು ಹಾರ ಹಾಕಲು ಮೂಗಿನ ಹತ್ತಿರ ಹೋದವರು ಅಲ್ಲೇ ನಿಂತರು.

“ಯಾಕೋ ಇಂಗಿನ ವಾಸ್ನೆ ಬರ್ತಾ ಐತೆ.”

ಬೋಪಣ್ಣ ಮುಚ್ಚಳ ತಿರುಗಿಸಿ, ಬೆರಳದ್ದಿ, ನಾಲಿಗೆಗೆ ಇಟ್ಟುಕೊಂಡರು. “ಸಾರು,” ಎಂದರು. ಸ್ವಲ್ಪ ತಡೆದು, “ಉಪ್ಪಿಲ್ಲ,” ಎಂದರು.

ರುದ್ರಪ್ಪನವರ ಮುಖ ಕೆಂಪಾಯಿತು. “ಏನ್ ಮಾಡ್ದೆ ತಿಪ್ಪೇಶ?”

“ನನ್ ಕೈ ಸಾರು ಕುಡಿಸಿದೀನಿ ಯಜಮಾನ್ರೇ. ಇನ್ಮೇಲೆ ನಾನ್ ಮಾಡಿದ್ರೆ ಹಾರುತ್ತೆ, ಇಲ್ಲಾಂದ್ರೆ ಇಲ್ಲ.”

“ಕೆಲಸದಿಂದ ತೆಗಿಸ್ತೀನಿ ನಿನ್ನ.”

“ತೆಗಿಸಿ. ಆಮೇಲೆ ಇದಕ್ಕೆ ಸಾರು ಯಾರು ಮಾಡ್ತಾರೆ?”

ಬೆಳ್ಳುಳ್ಳಿ ವ್ಯಾಪಾರಿಗೆ ಪರಿಸ್ಥಿತಿ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಅಳಿಯ ಕಪ್ಪು ಕನ್ನಡಕ ಹಾಕಿಕೊಂಡು ಸೀಟಿನಲ್ಲಿ ಕೂತಾಗಿತ್ತು. ಮಾವ ಅವನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅಳಿಯ ಇಳಿದ. ಕನ್ನಡಕ ತೆಗೆಯಲಿಲ್ಲ.

ತಿಪ್ಪೇಶಣ್ಣ ಹತ್ತಿ ಕೂತ. ಬೋಪಣ್ಣ ಆತನ ಬೆಲ್ಟು ಬಿಗಿದರು. ಚುರ್ ಎನ್ನುವ ಸದ್ದಿಗೆ ಮುಂದಿನ ಸಾಲಿನ ಹೆಂಗಸರು ಒಗ್ಗರಣೆ ಎಂದು ನಕ್ಕರು. ವಿಮಾನ ಕೆರೆಯಂಗಳದ ಆ ತುದಿಯವರೆಗೂ ಓಡಿತು. ಇನ್ನು ಏಳುವುದಿಲ್ಲ, ತೂಬಿಗೆ ಗುದ್ದುತ್ತದೆ ಎಂದು ನಾನು ಅಂದುಕೊಂಡೆ. ಆಗ ಚಕ್ರದ ಕೆಳಗೆ ಒಂದು ಗೆರೆ ಬೆಳಕು ಕಾಣಿಸಿತು. ಗೆರೆ ದಪ್ಪವಾಯಿತು. ಅದು ಏರಿ ಮೇಲೆ ತಿರುಗಿದಾಗ ಊರಿನ ಎಲ್ಲರ ಬಾಯಿಯೂ ತೆರೆದಿತ್ತು. ಗಾಳಿಯಲ್ಲಿ ಧನಿಯಾ ಹುರಿದಂಥ ವಾಸನೆ ಇಳಿದು ಬಂತು. ಇಪ್ಪತ್ತೆರಡು ನಿಮಿಷ ಆಕಾಶದಲ್ಲಿತ್ತು. ಆಮೇಲೆ ಅಳಿಯ ಹತ್ತು ನಿಮಿಷ ಹೋಗಿ ಬಂದ. ಅಧ್ಯಕ್ಷರು ಏಣಿಯ ಮಾತು ಮರೆತು ಐದು ನಿಮಿಷ ಹೋಗಿ ಬಂದರು. ಅಷ್ಟಕ್ಕೆ ಟ್ಯಾಂಕು ಬರಿದಾಯಿತು.

ಸಂಜೆ ಅಡುಗೆಮನೆಯಲ್ಲಿ ಕೇಳಿದೆ. “ಹೇಳಣ್ಣ. ಚಕ್ರ ನೆಲ ಬಿಟ್ಟಾಗ ಏನಾಗುತ್ತೆ?”

ಆತ ಬೇಳೆ ತೊಳೆಯುತ್ತಿದ್ದ. “ಸದ್ದು ಬದಲಾಗುತ್ತೆ. ಕೆಳಗೆ ಗಡಗಡ ಅಂತಿರುತ್ತಲ್ಲ, ಅದು ಇದ್ದಕ್ಕಿದ್ದಂಗೆ ನಿಲ್ಲುತ್ತೆ. ಅಷ್ಟೆ.”

“ಅಷ್ಟೇನಾ?”

“ಅಷ್ಟೆ. ಗೊತ್ತಾಯ್ತಲ್ಲ.” ಬೇಳೆಯಲ್ಲಿದ್ದ ಒಂದು ಕಲ್ಲನ್ನು ಹುಡುಕಿ ತೆಗೆದು ಹೊರಗೆ ಎಸೆದ. ಆತ ಬೇಳೆಯಲ್ಲಿ ಕಲ್ಲು ಹುಡುಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಾರ್ವಜನಿಕ ಹಾರಾಟ ಮೂರು ವಾರದ ನಂತರ ಎಂದು ಡಂಗುರವಾಯಿತು. ಹಾರಬೇಕೆನ್ನುವವರು ಪುರಸಭೆಯಲ್ಲಿ ಹೆಸರು ಬರೆಸಬೇಕು. ಅಧ್ಯಕ್ಷರು ಸಿಟ್ಟು ನುಂಗಿಕೊಂಡು ತಿಪ್ಪೇಶಣ್ಣನಿಗೆ ಹೊಸ ಡಬರಿ ಕೊಡಿಸಿದರು, ಎಪ್ಪತ್ತು ಲೀಟರು ಹಿಡಿಯುವಂಥದ್ದು. ಹಾರಾಟ ಶುರುವಾದ ಮೇಲೆ ದಿನ ಬಿಟ್ಟು ದಿನ ಒಂದು ಸುತ್ತು ನಿನಗೆ ಎಂದೂ ಒಪ್ಪಿದರು. ಬಯಸಿದ್ದೆಲ್ಲ ಆತನ ಕೈಗೆ ಬಂದಿತ್ತು.

ಆ ವಾರಗಳಲ್ಲಿ ಆತ ಲೈಬ್ರರಿಗೆ ಬರಲಿಲ್ಲ. ಪತ್ರಿಕೆ ಹೊಸದು ಬಂದಿದೆ ಎಂದು ನಾನೇ ಒಯ್ದು ಕೊಟ್ಟೆ. ತೆಂಗಿನ ತುರಿ ಕೆಳಗೆ ಬೀಳದಂತೆ ಅದನ್ನು ಹಾಸಿಕೊಂಡ. ಕಾರಿನ ಬಗ್ಗೆ ಏನಾದರೂ ಹೇಳಲಿ ಎಂದು ಕಾದೆ. ಮೆಂತ್ಯ ಹೆಚ್ಚಾದರೆ ಕಹಿ, ಕಡಿಮೆಯಾದರೆ ಪರಿಮಳವಿಲ್ಲ ಎಂದು ಹೇಳಿದ. ಊಟದ ಹಾಲಿನಲ್ಲೂ ಏನೋ ಬದಲಾಗಿತ್ತು. ಗಲಾಟೆ ಕಡಿಮೆಯಾಗಿತ್ತು. ಹುಡುಗಿಯರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಸಾಬಿರಾ ತಟ್ಟೆ ಹಿಡಿದು ಎರಡನೆಯ ಸಲ ಸಾರಿಗೆ ಎದ್ದು ಹೋದಳು. ನಾನೂ ಸಾರು ಕುಡಿದು ನೋಡಿದೆ. ಹುಳಿ, ಖಾರ, ಉಪ್ಪು, ಬೆಲ್ಲ ಎಲ್ಲ ಹಿತವಾಗಿ ಬಿದ್ದಿತ್ತು. ಬೇಳೆ ಕರಗಿ ಮೈ ತುಂಬಿತ್ತು. ಅಂಥ ಸಾರನ್ನು ನಾನು ಆ ಹಾಸ್ಟೆಲಿನಲ್ಲಿ ನಾಲ್ಕು ವರ್ಷದಲ್ಲಿ ಉಂಡಿರಲಿಲ್ಲ.

“ಅಣ್ಣ, ಸ್ಕೂಟರ್ ತೆಗೆದು ಎಷ್ಟು ದಿನ ಆಯ್ತು?” ಎಂದು ಕೇಳಿದೆ.

“ಅವತ್ತಿಂದ ತೆಗ್ದಿಲ್ಲ. ಯಾಕೆ?”

“ಈಗ ತೆಗಿ. ಈ ಸಾರು ಹಾಕಿ ನೋಡು.”

ಆತ ನನ್ನ ಮುಖ ನೋಡಿದ. ಸೋಸಿದ ಸಾರು ಹಿಡಿದು ಕೊಟ್ಟಿಗೆಗೆ ಹೋದೆವು. ಒದ್ದ. ಕೆಮ್ಮಿತು. ಮತ್ತೆ ಒದ್ದ, ಮತ್ತೆ ಕೆಮ್ಮಿತು. ಹದಿನೈದು ಸಲ ಒದ್ದ ಮೇಲೆ ಸ್ಟ್ಯಾಂಡ್ ಹಾಕಿ ಅದರ ಪಕ್ಕ ಕೂತ.

“ಇದು ನನ್ ಕೈ ಸಾರೇ ಅಲ್ವಾ?” ಎಂದ.

“ಚೆನ್ನಾಗಿ ಮಾಡಿದೀಯ,” ಎಂದೆ.

ಅದಾದ ಮೇಲೆ ಸಾರ್ವಜನಿಕ ಹಾರಾಟಕ್ಕೆ ಒಂಬತ್ತು ದಿನ ಉಳಿದಿತ್ತು. ಮೊದಲ ದಿನ ಆತ ಬೇಳೆ ಅರ್ಧ ಹಾಕಿ ಮಾಡಿದ. ಎರಡನೆಯ ದಿನ ಉಪ್ಪು ಬಿಟ್ಟ. ಆಮೇಲೆ ದಿನಕ್ಕೆ ಎರಡೆರಡು, ಮೂರು ಮೂರು ಡಬರಿ. ನೀರು ಹೆಚ್ಚು ಮಾಡಿದ, ಹುಣಸೆ ಬಿಟ್ಟ, ಒಗ್ಗರಣೆ ಸೀಯಿಸಿದ. ನಾವು ಕೂತು ರುಚಿ ನೋಡಿ ಹೇಳಬೇಕು.

“ಇದು ಹಳೇ ಥರಾನೇ ಐತೆ ಅಣ್ಣ. ಅಷ್ಟೇ ಕೆಟ್ಟದಾಗೈತೆ,” ಎಂದು ಸಾಬಿರಾ ಧೈರ್ಯ ಹೇಳಿದಳು. ನಾಲಿಗೆಗೆ ವ್ಯತ್ಯಾಸವೇ ಇರಲಿಲ್ಲ. ಸ್ಕೂಟರಿಗೆ ಇತ್ತು. ಅದು ಪ್ರತಿ ಸಲವೂ ಕೆಮ್ಮಿತು.

“ಮರೆತು ಉಪ್ಪು ಬಿಡೋದೇ ಬೇರೆ, ಬೇಕಂತ ಉಪ್ಪು ಬಿಡೋದೇ ಬೇರೆ,” ಎಂದ ತಿಪ್ಪೇಶಣ್ಣ. “ಇದೆಲ್ಲ ಅಡುಗೆ ಮೇಲೆ ಗ್ಯಾನ ಇಟ್ಟು ಮಾಡಿದ್ದು. ಅದು ಕುಡಿದಿದ್ದು ಗ್ಯಾನ ಇಲ್ದೆ ಮಾಡಿದ್ದು.”

“ಹಾಗಾದರೆ ಬೇರೆ ಏನಾದರೂ ಯೋಚಿಸು,” ಎಂದೆ. ಬೀರುವಿನಲ್ಲಿದ್ದ ಎಲ್ಲ ಪತ್ರಿಕೆಗಳನ್ನೂ ಹೊತ್ತು ತಂದು ಒಲೆಯ ಪಕ್ಕ ಸುರಿದೆ. ಜೆಟ್ ಬಗ್ಗೆ ವಾದ ತೆಗೆದೆ. ಹೈಡ್ರೋಜನ್ ಕಾರೇ ಮುಂದಿನ ಕಾಲದ್ದು ಎಂದು ಕೆಣಕಿದೆ. ರಾಕೆಟ್ಟಿನಲ್ಲಿ ಕೂತವನಿಗೆ ಏನಾಗುತ್ತದೋ ಎಂದೆ. ಆತ ಪ್ರಯತ್ನಪಟ್ಟು ಕೇಳಿದ. ಒಂದು ಪುಟ ತಿರುಗಿಸಿದ, ಚಿತ್ರ ನೋಡಿದ, ಹೌದೌದು ಎಂದ. ಅಷ್ಟರಲ್ಲಿ ಸಾಸಿವೆ ಸಿಡಿಯಿತು. ಆತನ ಕಣ್ಣು ತಾನಾಗಿಯೇ ಬಾಣಲೆಯ ಕಡೆ ಹೋಯಿತು. ಮೊದಲೆಲ್ಲ ಸಾಸಿವೆ ಸಿಡಿದು ಕರಿಯಾಗಿ ಹೊಗೆ ಎದ್ದ ಮೇಲೆಯೇ ಆತನಿಗೆ ಎಚ್ಚರವಾಗುತ್ತಿದ್ದದ್ದು.

“ಆಗ್ತಿಲ್ಲ ಕಣೆ ಹೊನ್ನಿ,” ಎಂದ. “ಗೊತ್ತಾಗಿಬಿಟ್ಟೈತೆ. ಮತ್ತೆ ಗೊತ್ತಿಲ್ಲದಂಗೆ ಹೆಂಗ್ ಇರ್ಲಿ?”

ಆ ದಿನ ಬಂತು. ಕೆರೆಯಂಗಳದಲ್ಲಿ ಹೆಸರು ಬರೆಸಿದವರ ಸಾಲು ತೂಬಿನ ತನಕ ಇತ್ತು. ಒಬ್ಬ ಮುದುಕಿ ಮೊಮ್ಮಗನ ಮನೆ ಮೇಲಿಂದ ನೋಡಬೇಕೆಂದು ಹೊಸ ಸೀರೆ ಉಟ್ಟು ಬಂದಿದ್ದಳು. ತಿಪ್ಪೇಶಣ್ಣ ಕೊನೆಯ ಡಬರಿಯ ಸಾರನ್ನು ಟ್ಯಾಂಕಿಗೆ ಹೊಯ್ದ. ಬೋಪಣ್ಣ ಕೀಲಿ ತಿರುಗಿಸಿದರು. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಕೆಮ್ಮಿತು. ಮತ್ತೆ ತಿರುಗಿಸಿದರು. ಹತ್ತು ಗಂಟೆಯಿಂದ ಹನ್ನೆರಡೂವರೆವರೆಗೂ ತಿರುಗಿಸಿದರು. ಆಮೇಲೆ ಬೋಪಣ್ಣ ಇಳಿದು, ಬೆರಳದ್ದಿ ನಾಲಿಗೆಗಿಟ್ಟುಕೊಂಡು, ತಿಪ್ಪೇಶಣ್ಣನ ಭುಜ ತಟ್ಟಿ, “ಒಳ್ಳೆಯ ಅಡುಗೆಯವನು ನೀನು,” ಎಂದರು. ಅದು ಹೊಗಳಿಕೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಸಂಜೆ ಬಸ್ಸಿಗೆ ಅವರು ಊರು ಬಿಟ್ಟರು.

ಅಧ್ಯಕ್ಷರು ಬೈಯಲಿಲ್ಲ. ಬೈಯಲು ಬಾಯಿ ತೆರೆದರು, ಆದರೆ ಸಾಲಿನಲ್ಲಿ ನಿಂತವರು ಆಗಲೇ ಅವರನ್ನೇ ಬೈಯಲು ಶುರುಮಾಡಿದ್ದರು. “ಗುಟುಕು ಕೊಡೋ ಮೊದಲು ಅವನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ರೆ ಇವತ್ತು ಎಳನೀರು ಕುಡ್ಕೊಂಡು ಹಾರ್ತಾ ಇರ್ತಿತ್ತಲ್ರೀ,” ಎಂದು ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು. ಮುಂದಿನ ಚುನಾವಣೆಯಲ್ಲಿ ರುದ್ರಪ್ಪನವರು ಸೋತರು. ಹೊಸ ಅಧ್ಯಕ್ಷರು ವಿಮಾನವನ್ನು ತೂಕಕ್ಕೆ ಹಾಕಿದರು. ತಿಪ್ಪೇಶಣ್ಣನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹುಡುಗಿಯರು ಸುಮ್ಮನಿರುತ್ತಿರಲಿಲ್ಲ. ಆತನ ಸಾರು ಉಣ್ಣಲು ವಾರ್ಡನ್ ಮೇಡಂ ಮನೆಯಿಂದ ಡಬ್ಬಿ ತರುವುದನ್ನೇ ಬಿಟ್ಟರು. ಮೊನ್ನೆ ಒಂದು ದೊಡ್ಡ ವಿಮಾನ ಊರಿನ ಮೇಲೆ ಹೋಯಿತು. ನಾವೆಲ್ಲ ಅಂಗಳಕ್ಕೆ ಓಡಿ ತಲೆಯೆತ್ತಿದೆವು. ಆತ ಬಂದು ನೋಡಿದ, ಜೆಟ್ಟೋ ಅಲ್ಲವೋ ಎಂದು ಹೇಳಲಿಲ್ಲ, ಅನ್ನ ಅರಳಿದೆಯೇ ಎಂದು ನೋಡಲು ಒಳಗೆ ಹೋದ.

ಒಟ್ಟಿನಲ್ಲಿ ಹೋದದ್ದು ಇಷ್ಟು: ಒಂದು ವಿಮಾನ. ಹದಿನಾಲ್ಕು ಜಾಲಿ ಮರ. ಒಂದು ಅಧ್ಯಕ್ಷ ಪದವಿ. ಹತ್ತೊಂಬತ್ತು ಡಬರಿ ಸಾರು. ಹೆಸರು ಬರೆಸಿ ಹಾರದೆ ಉಳಿದವರು ಅರವತ್ತೊಂದು ಮಂದಿ. ಅದರಲ್ಲಿ ಇಪ್ಪತ್ತೇಳನೆಯ ಹೆಸರು ನನ್ನದು.